ಉಪ್ಪಿನಕಾಯಿ ಜಾಡಿ ಕೆಳಗಿಳಿಯಿತು

ತುಮಕೂರು, 14 ಮಾರ್ಚ್ 2024, ಗುರುವಾರ

ಅಮ್ಮನಿಗೆ ಬಿ.ಪಿ. ಇಳಿಸುವ ಪ್ರಾಜೋಸಿನ್ ಮಾತ್ರೆ ಶುರುವಾಗಿ ಇವತ್ತಿಗೆ ಐದು ದಿನ. ಬೆಳಿಗ್ಗೆ ಬಿ.ಪಿ. ಕೂತಾಗ 138/86, ಎದ್ದು ನಿಂತಾಗ 120/78. ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಮೂಗು ಕಟ್ಟಿದೆ ಅಂತ ಗೊಣಗುತ್ತಿದ್ದಾಳೆ. ಈ ಮಾತ್ರೆಗೆ ಹಾಗೇ ಆಗುತ್ತಂತೆ.

ಎರಡು ವರ್ಷದಿಂದ ತಲೆ ಸಿಡಿತ, ಎದೆ ಡವಡವ, ಬೆವರು. ಐದು ನಿಮಿಷಕ್ಕೆ ಎಲ್ಲ ಸರಿ. ಕ್ಯಾತ್ಸಂದ್ರದ ದೊಡ್ಡಮ್ಮ ಉಷ್ಣ ಅಂದು ಬಾರ್ಲಿ ನೀರು ಕುಡಿಸಿದರು. ಡಾಕ್ಟರೊಬ್ಬರು ಬಿ.ಪಿ. ಅಂದು ಉಪ್ಪು ಬಿಡಿಸಿದರು. ಹೋದ ತಿಂಗಳು ಮೂತ್ರದಲ್ಲಿ ರಕ್ತ ಕಂಡಿತು. ಸ್ಕ್ಯಾನಿಂಗ್ ಮಾಡಿಸಿದರೆ ಮೂತ್ರಚೀಲದ ಗೋಡೆಯಲ್ಲಿ ನೆಲ್ಲಿಕಾಯಿಯಷ್ಟು ಗಡ್ಡೆ. ಒಂದು ಕಡೆ ‘ನಾಳೆಯೇ ಕೆರೆದು ತೆಗೆಯೋಣ’ ಅಂದರು. ನಾವು ಬಟ್ಟೆಬರೆ ಕೂಡ ತುಂಬಿಕೊಂಡಿದ್ದೆವು.

ಸುಮ್ನೆ ಇನ್ನೊಬ್ಬರಿಗೂ ತೋರಿಸೋಣ ಅಂತ ಹೋದರೆ, ಆ ಡಾಕ್ಟರು ಕೇಳಿದ್ದು ಒಂದೇ. ‘ತಾಯಿ, ಒಂದಕ್ಕೆ ಹೋದಾಗಲೇ ಹೀಗಾಗುತ್ತಾ?’ ಅಮ್ಮ ನಾಚಿಕೊಂಡು ಹೂಂ ಅಂದಳು. ಎರಡು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಪ್ಯಾರಾಗ್ಯಾಂಗ್ಲಿಯೋಮಾ ಅಂತೆ. ಮೂತ್ರಚೀಲದ ಗಡ್ಡೆಗಳಲ್ಲಿ ಸಾವಿರಕ್ಕೆ ಒಂದೂ ಇರಲ್ಲ. ಅಡ್ರಿನಲಿನ್ ಜಾತಿಯ ಹಾರ್ಮೋನು ತಯಾರಿಸುವ ಗಡ್ಡೆ ಇದು. ಚೀಲ ಹಿಂಡಿದಾಗ ಇದೂ ಹಿಂಡಿ, ಹಾರ್ಮೋನು ರಕ್ತಕ್ಕೆ ನುಗ್ಗುತ್ತೆ. ತಯಾರಿ ಇಲ್ಲದೆ ಕೆರೆದಿದ್ದರೆ ಬಿ.ಪಿ. ಜೀವಕ್ಕೇ ಅಪಾಯ ಆಗುವಷ್ಟು ಏರುತ್ತಿತ್ತು. ಬಟ್ಟೆ ತುಂಬಿಟ್ಟಿದ್ದ ಆ ಬ್ಯಾಗು ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತೆ.

ಖಚಿತ ಮಾಡಿಕೊಳ್ಳಲು 24 ಗಂಟೆಯ ಮೂತ್ರ ಬೇಕು ಅಂದರು. ಬೆಳಗಿನ ಮೊದಲನೇದನ್ನು ಚೆಲ್ಲಿ, ಆಮೇಲೆ ಮರುದಿನ ಬೆಳಗಿನವರೆಗೂ ಒಂದು ಹನಿ ಬಿಡದೆ ಕ್ಯಾನಿಗೆ ಹಾಕಬೇಕು. ಲ್ಯಾಬಿನವರು ಕ್ಯಾನಿನಲ್ಲಿ ಮೊದಲೇ ಆಸಿಡ್ ಹಾಕಿಕೊಟ್ಟಿದ್ದರು. ಅದಕ್ಕೇ ಮಗ್ಗಿನಲ್ಲಿ ಹಿಡಿದು ಮೆಲ್ಲಗೆ ಸುರಿಯಬೇಕು. ಅಮ್ಮ ಆ ಕ್ಯಾನಿಗೆ ಹಳೇ ಸೀರೆ ಸುತ್ತಿ, ಬಿ.ಎಚ್. ರಸ್ತೆಯುದ್ದಕ್ಕೂ ಸ್ಕೂಟರ್ ಮೇಲೆ ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದಳು. ರಸ್ತೆಯ ಪ್ರತಿ ಹಂಪ್‌ಗೂ ನನಗೆ ಬೈಗುಳ. ರಿಪೋರ್ಟಿನಲ್ಲಿ, ಆ ಹಾರ್ಮೋನು ಒಡೆದು ಆಗುವ ನಾರ್‌ಮೆಟಾನೆಫ್ರಿನ್ ಮಿತಿಗಿಂತ ನಾಲ್ಕು ಪಟ್ಟು ಜಾಸ್ತಿ.

ಹತ್ತು-ಹದಿನಾಲ್ಕು ದಿನ ಮಾತ್ರೆ, ಆಮೇಲೆ ಆಪರೇಷನ್. ಗಡ್ಡೆ ಇರುವಷ್ಟು ಭಾಗ ತೆಗೆದು ಚೀಲ ಹೊಲಿಯುತ್ತಾರೆ. ಕೆಲವು ಮನೆತನಗಳಲ್ಲಿ ಇದು ಮಕ್ಕಳಿಗೂ ಬರುತ್ತಂತೆ, ನನ್ನ ರಕ್ತವನ್ನೂ ನೋಡಬೇಕಂತೆ. ಅಮ್ಮನಿಗೆ ಅದನ್ನಿನ್ನೂ ಹೇಳಿಲ್ಲ.

ಅಲ್ಲಿಯವರೆಗೆ ನೀರು, ಉಪ್ಪು ಎರಡೂ ಜಾಸ್ತಿ ಬೇಕಂತೆ. ಮಾತ್ರೆಗೆ ರಕ್ತನಾಳ ಸಡಿಲವಾಗುತ್ತಲ್ವಾ, ಅದು ತುಂಬಬೇಕು. ಅಟ್ಟದ ಮೇಲಿದ್ದ ಮಿಡಿ ಮಾವಿನಕಾಯಿ ಜಾಡಿ ಕೆಳಗಿಳಿದಿದೆ. ಮಧ್ಯಾಹ್ನ ಅಮ್ಮ ಮೊಸರನ್ನಕ್ಕೆ ಎರಡು ಮಿಡಿ ಹಾಕಿಕೊಂಡು, ದೊಡ್ಡಮ್ಮನಿಗೆ ಫೋನ್ ಮಾಡಿ, ‘ಡಾಕ್ಟರೇ ತಿನ್ನು ಅಂದವ್ರೆ ಕಣಕ್ಕಾ’ ಅಂದಳು.