ಸಿಲಿಕಾನ್, ಜರ್ಮೇನಿಯಂಗಳ ಬಾಗಿದ ದ್ವಿಬಂಧ

ಕಾರ್ಬನ್ ತನ್ನ ಜೊತೆ ತಾನೇ ದ್ವಿಬಂಧ, ಎಂದರೆ ಎರಡು ಎಲೆಕ್ಟ್ರಾನ್ ಜೋಡಿಗಳನ್ನು ಹಂಚಿಕೊಳ್ಳುವ ಬಂಧ, ಕಟ್ಟಿಕೊಳ್ಳುತ್ತದೆ, ಆವರ್ತ ಕೋಷ್ಟಕದಲ್ಲಿ ಅದರ ಕೆಳಗಿರುವ ಸಿಲಿಕಾನ್, ಜರ್ಮೇನಿಯಂಗಳಿಗೆ ಅದು ಆಗದು ಎಂದು ಇಂದಿಗೂ ಎಷ್ಟೋ ತರಗತಿಗಳಲ್ಲಿ ಬರೆಸಲಾಗುತ್ತದೆ. ಇದಕ್ಕೆ ಕೊಡುವ ಕಾರಣ ನೋಡಲು ಸರಳವಾಗಿದೆ: ಪರಮಾಣು ದೊಡ್ಡದಾದಂತೆ ಬಂಧದ ಉದ್ದ ಹೆಚ್ಚುತ್ತದೆ, ಎಲೆಕ್ಟ್ರಾನುಗಳು ನೆಲೆಸುವ ಅಕ್ಕಪಕ್ಕದ ಪಿ ಕಕ್ಷಕಗಳು ಒಂದರ ಮೇಲೊಂದು ಸರಿಯಾಗಿ ಹರಡಿಕೊಳ್ಳಲಾರವು, ಆದ್ದರಿಂದ ದ್ವಿಬಂಧದ ಎರಡನೆಯ ಬಂಧವಾದ ಪೈ ಬಂಧ ನಿಲ್ಲುವುದಿಲ್ಲ. ಈ ವಿವರಣೆಯಲ್ಲಿ ಸತ್ಯಾಂಶವಿದೆ. ಎರಡು ಕಾರ್ಬನ್ನುಗಳ ದ್ವಿಬಂಧವಿರುವ ಎಥಿಲೀನಿನ ಪೈ ಬಂಧಕ್ಕೆ ಮೋಲಿಗೆ ಸುಮಾರು 270 ಕಿಲೋಜೂಲ್ ಬಲವಿದ್ದರೆ, ಸಿಲಿಕಾನ್ ಜೋಡಿಯಲ್ಲಿ ಅದು ಸುಮಾರು ನೂರಕ್ಕೆ ಇಳಿಯುತ್ತದೆ. ಆದರೆ ದುರ್ಬಲವಾದದ್ದು ಬೇರೆ, ಅಸಾಧ್ಯವಾದದ್ದು ಬೇರೆ. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳಿಗೆ ಹೇಳದೆ ಬಿಟ್ಟರೆ ಕಳೆದ ಐವತ್ತು ವರ್ಷಗಳ ಅತ್ಯಂತ ಸೊಗಸಾದ ರಸಾಯನಶಾಸ್ತ್ರದ ಒಂದು ಭಾಗವನ್ನೇ ಅವರಿಂದ ಮರೆಮಾಡಿದಂತಾಗುತ್ತದೆ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಇಂಥ ಬಂಧಗಳ ಹುಡುಕಾಟ ಹಳೆಯದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ದಶಕಗಳ ಕಾಲ ಸಾವಯವ ಸಿಲಿಕಾನ್ ಸಂಯುಕ್ತಗಳ ಮೇಲೆ ದುಡಿದ ಫ್ರೆಡರಿಕ್ ಕಿಪ್ಪಿಂಗ್, ಡೈಫಿನೈಲ್‌ಡೈಕ್ಲೋರೋಸಿಲೇನಿನಿಂದ ಸೋಡಿಯಂ ಬಳಸಿ ಕ್ಲೋರಿನ್ ಕಿತ್ತಾಗ ಎರಡು ಸಿಲಿಕಾನ್‌ಗಳ ದ್ವಿಬಂಧ ಸಿಗಲಿಲ್ಲ. ನಾಲ್ಕು ಸಿಲಿಕಾನ್ ಪರಮಾಣುಗಳು ಕೈಹಿಡಿದು ನಿಂತ ಉಂಗುರವೇ ಸಿಕ್ಕಿತು. ಈ ಫಲಿತಾಂಶದಲ್ಲೇ ಸಮಸ್ಯೆಯ ತಿರುಳಿದೆ. ಒಂದು ಪಕ್ಷ ದ್ವಿಬಂಧ ಕ್ಷಣಕಾಲ ಹುಟ್ಟಿದರೂ ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಅಣು ಸಿಕ್ಕಿದ ಕೂಡಲೇ ಎರಡೂ ಬೆಸೆದುಕೊಂಡು ಏಕಬಂಧಗಳ ಉಂಗುರವಾಗುವುದೇ ಶಕ್ತಿಯ ದೃಷ್ಟಿಯಿಂದ ಲಾಭ. ಅಂದರೆ ಬಂಧವನ್ನು ಕಟ್ಟುವುದಕ್ಕಿಂತ, ಕಟ್ಟಿದ ಬಂಧಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳುವುದೇ ಕಷ್ಟದ ಕೆಲಸ.

1981ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಾಬರ್ಟ್ ವೆಸ್ಟ್ ಹಾಗೂ ಅವರ ಸಹೋದ್ಯೋಗಿಗಳು ಮಾಡಿದ್ದು ಇದನ್ನೇ. ಪ್ರತಿ ಸಿಲಿಕಾನಿಗೂ ಎರಡೆರಡು ಮೆಸಿಟೈಲ್ ಗುಂಪುಗಳನ್ನು, ಎಂದರೆ ಮೂರು ಮೀಥೈಲುಗಳನ್ನು ಹೊತ್ತ ಬೆಂಜೀನ್ ಉಂಗುರಗಳನ್ನು, ಹೊಲಕ್ಕೆ ಬೇಲಿ ಹಾಕಿದಂತೆ ಸುತ್ತ ನಿಲ್ಲಿಸಿದರು. ತಯಾರಿಕೆಯ ದಾರಿ ಹೀಗಿದೆ. ಡೈಮೆಸಿಟೈಲ್‌ಡೈಕ್ಲೋರೋಸಿಲೇನನ್ನು ಲಿಥಿಯಂ ಲೋಹದ ಸಮ್ಮುಖದಲ್ಲಿ ಟ್ರೈಮೀಥೈಲ್‌ಕ್ಲೋರೋಸಿಲೇನಿನೊಡನೆ ಕೂಡಿಸಿದರೆ ಮೂರು ಸಿಲಿಕಾನ್‌ಗಳ ಸರಪಳಿಯೊಂದು ದೊರೆಯುತ್ತದೆ. ಕ್ಲೋರೋಸಿಲೇನಿನ ಬಾಟಲಿಯ ಮುಚ್ಚಳ ಸಡಿಲಿಸಿದ ಯಾರಿಗೂ ಗಾಳಿಯ ತೇವಕ್ಕೆ ಅದು ಬಿಳಿಹೊಗೆಯಾಡುವ ಬಗೆ, ಮೂಗಿಗೆ ಚುರ್ರೆನ್ನುವ ಹೈಡ್ರೋಜನ್ ಕ್ಲೋರೈಡಿನ ಘಾಟು ನೆನಪಿನಿಂದ ಹೋಗುವುದಿಲ್ಲ, ಆದ್ದರಿಂದ ಈ ಹಂತವನ್ನೆಲ್ಲ ಒಣ ಆರ್ಗಾನ್ ಅನಿಲದಡಿಯಲ್ಲೇ ನಡೆಸಬೇಕು. ಆ ಸರಪಳಿಯ ದ್ರಾವಣದ ಮೇಲೆ 254 ನ್ಯಾನೋಮೀಟರಿನ ಅತಿನೇರಳೆ ಬೆಳಕು ಹಾಯಿಸಿದಾಗ ಎರಡು ತುದಿಗಳ ಟ್ರೈಮೀಥೈಲ್‌ಸಿಲೈಲ್ ಗುಂಪುಗಳು ಪರಸ್ಪರ ಕೂಡಿ ಹೆಕ್ಸಾಮೀಥೈಲ್‌ಡೈಸಿಲೇನ್ ಆಗಿ ಹೊರಬೀಳುತ್ತವೆ. ಮಧ್ಯದ ಸಿಲಿಕಾನ್ ಎರಡೇ ಬಂಧಗಳೊಡನೆ ಸಿಲಿಲೀನ್ ಆಗಿ ಉಳಿಯುತ್ತದೆ.

ಇದೇ ಪ್ರಯೋಗವನ್ನು ದ್ರವ ನೈಟ್ರೋಜನ್ ತಾಪಮಾನದಲ್ಲಿ, ಗಾಜಿನಂತೆ ಹೆಪ್ಪುಗಟ್ಟಿದ ಹೈಡ್ರೋಕಾರ್ಬನ್ನಿನೊಳಗೆ ಮಾಡಿದರೆ ಸಿಲಿಲೀನ್ ಅಲ್ಲಿಯೇ ಸೆರೆಯಾಗಿ ನೀಲಿ ಬಣ್ಣ ತೋರುತ್ತದೆ. ನಿಧಾನವಾಗಿ ಬೆಚ್ಚಗಾಗಲು ಬಿಟ್ಟಾಗ ಗಾಜು ಮೃದುವಾಗಿ ಸಿಲಿಲೀನುಗಳು ಓಡಾಡಿ ಜೋಡಿಯಾಗುತ್ತವೆ, ನೀಲಿ ಹೋಗಿ ಹಳದಿ ಮೂಡುತ್ತದೆ. ಆ ಹಳದಿಯೇ ಟೆಟ್ರಾಮೆಸಿಟೈಲ್‌ಡೈಸಿಲೀನ್, ಎಂದರೆ ಎರಡು ಸಿಲಿಕಾನ್‌ಗಳ ದ್ವಿಬಂಧವಿರುವ ಸಂಯುಕ್ತ. ಗಾಳಿ ತಾಗದಂತೆ ಇಟ್ಟರೆ ಅದರ ಹರಳು 176 ಡಿಗ್ರಿ ಸೆಲ್ಸಿಯಸ್‌ನ ಕರಗುಬಿಂದುವಿನವರೆಗೂ ಕೆಡದೆ ಉಳಿಯುತ್ತದೆ. ಆಕ್ಸಿಜನ್ ಸೋಕಿದರೆ ಮಾತ್ರ ಬಣ್ಣ ಕಳೆದುಕೊಳ್ಳುತ್ತದೆ. ಕ್ಷ-ಕಿರಣ ವಿವರ್ತನೆಯಿಂದ ಅಳೆದಾಗ ಸಿಲಿಕಾನ್ ಜೋಡಿಯ ನಡುವಿನ ದೂರ ಸುಮಾರು 2.16 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ನ್ಯಾನೋಮೀಟರಿನ ಹತ್ತನೇ ಒಂದು ಭಾಗ) ಎಂದು ತಿಳಿಯಿತು. ಸಾಮಾನ್ಯ ಏಕಬಂಧದಲ್ಲಿ ಇದು 2.35ರ ಆಸುಪಾಸಿನಲ್ಲಿರುತ್ತದೆ; ದೂರ ಹೀಗೆ ಕುಗ್ಗಿರುವುದೇ ದ್ವಿಬಂಧದ ಗುರುತು. ಅದೇ ವರ್ಷ ಟೊರಾಂಟೋದಲ್ಲಿ ಏಡ್ರಿಯನ್ ಬ್ರೂಕ್ ಅವರ ಗುಂಪು ಸಿಲಿಕಾನ್–ಕಾರ್ಬನ್ ದ್ವಿಬಂಧವಿರುವ ಸ್ಥಿರ ಸಿಲೀನನ್ನು ಪ್ರಕಟಿಸಿತು. ಅಲ್ಲಿ ಬಂಧದ ಉದ್ದ 1.76, ಏಕಬಂಧಕ್ಕಾದರೆ 1.87.

ಜರ್ಮೇನಿಯಂನ ಕತೆ ಇದಕ್ಕೂ ಸ್ವಾರಸ್ಯಕರ. ಸಸೆಕ್ಸ್ ವಿಶ್ವವಿದ್ಯಾಲಯದ ಮೈಕೆಲ್ ಲ್ಯಾಪರ್ಟ್ ಅವರ ಗುಂಪು 1970ರ ದಶಕದಲ್ಲೇ ಭಾರಿ ಗಾತ್ರದ ಸಿಲೈಲ್‌ಮೀಥೈಲ್ ಗುಂಪುಗಳನ್ನು ಬಳಸಿ ತವರದ ಮತ್ತು ಜರ್ಮೇನಿಯಂನ ಸಂಯುಕ್ತಗಳನ್ನು ಮಾಡಿತ್ತು. ಹರಳಿನಲ್ಲಿ ಎರಡು ಜರ್ಮೇನಿಯಂಗಳು 2.35 ಆಂಗ್‌ಸ್ಟ್ರಾಮ್ ದೂರದಲ್ಲಿ ಜೋಡಿಯಾಗಿದ್ದವು, ಆದರೆ ಎಥಿಲೀನಿನಂತೆ ಎಲ್ಲವೂ ಒಂದೇ ಸಮತಲದಲ್ಲಿರಲಿಲ್ಲ: ಒಂದು ಜರ್ಮೇನಿಯಂನ ಗುಂಪುಗಳು ಮೇಲಕ್ಕೂ ಇನ್ನೊಂದರವು ಕೆಳಕ್ಕೂ ಸುಮಾರು 32 ಡಿಗ್ರಿ ಬಾಗಿದ್ದವು. ಜರ್ಮೇನಿಯಂಗೂ ಕೆಳಗಿರುವ ತವರದಲ್ಲಿ ಈ ಬಾಗು 41 ಡಿಗ್ರಿ. ಹೆಚ್ಚಿನದಾಗಿ, ದ್ರಾವಣಕ್ಕೆ ಹಾಕಿದರೆ ಈ ಜೋಡಿಗಳು ಬಿಡಿಸಿಕೊಳ್ಳುತ್ತಿದ್ದವು.

ಬಾಗಿರುವುದೇಕೆ ಎಂಬ ಪ್ರಶ್ನೆಯನ್ನು ಬಿಡಿಸಿದರೆ ಬಂಧದ ಸ್ವರೂಪವೇ ತೆರೆದುಕೊಳ್ಳುತ್ತದೆ. ಸರಳ ಕಾರ್ಬೀನಿನಲ್ಲಿ, ಎಂದರೆ ಎರಡೇ ಬಂಧಗಳಿರುವ ಕಾರ್ಬನ್ನಿನಲ್ಲಿ, ಉಳಿದ ಎರಡು ಎಲೆಕ್ಟ್ರಾನುಗಳು ಬೇರೆ ಬೇರೆ ಕಕ್ಷಕಗಳಲ್ಲಿ ಒಂಟಿಯಾಗಿರುತ್ತವೆ. ಅಂಥ ಎರಡು ಕಾರ್ಬೀನುಗಳು ಎದುರುಬದುರಾಗಿ ಬಂದಾಗ ಒಂದು ಸಿಗ್ಮಾ (ದ್ವಿಬಂಧದ ಮೊದಲ ಬಂಧ), ಒಂದು ಪೈ ಬಂಧ ನೇರವಾಗಿ ಕೂಡಿಕೊಳ್ಳುತ್ತವೆ. ಸಿಲಿಲೀನ್ ಮತ್ತು ಅದರ ಜರ್ಮೇನಿಯಂ ರೂಪವಾದ ಜರ್ಮಿಲೀನುಗಳಲ್ಲಾದರೋ ಆ ಎರಡೂ ಎಲೆಕ್ಟ್ರಾನುಗಳು ಒಂದೇ ಕಕ್ಷಕದಲ್ಲಿ ಜೋಡಿಯಾಗಿ ಕುಳಿತಿರುತ್ತವೆ, ಪಿ ಕಕ್ಷಕ ಖಾಲಿ ಇರುತ್ತದೆ. ಇಂಥ ಎರಡು ಅಣುಗಳು ನೇರವಾಗಿ ಎದುರಾದರೆ ತುಂಬಿದ ಜೋಡಿಗಳು ಒಂದನ್ನೊಂದು ತಳ್ಳುತ್ತವೆ. ಓರೆಯಾಗಿ ನಿಂತರೆ ಒಂದರ ಎಲೆಕ್ಟ್ರಾನ್ ಜೋಡಿ ಇನ್ನೊಂದರ ಖಾಲಿ ಕಕ್ಷಕಕ್ಕೆ ಹರಿಯಬಹುದು, ಅದು ಇದಕ್ಕೆ ಮರಳಿಸಬಹುದು. ಹೀಗೆ ಪರಸ್ಪರ ಕೊಟ್ಟು ಪಡೆದು ಆದ ಬಂಧವೇ ಆ ಬಾಗಿದ ದ್ವಿಬಂಧ. ಆವರ್ತ ಕೋಷ್ಟಕದ ಈ ಗುಂಪಿನಲ್ಲಿ ಕೆಳಗಿಳಿದಂತೆ ಎಲೆಕ್ಟ್ರಾನುಗಳು ಜೋಡಿಯಾಗಿ ಉಳಿಯುವ ಒಲವು ಹೆಚ್ಚುವುದರಿಂದ ಬಾಗು ಹೆಚ್ಚುತ್ತದೆ, ಬಂಧ ಸಡಿಲವಾಗುತ್ತದೆ. ಇದನ್ನು ಕಾರ್ಬನ್ ಬಂಧದ ಕೊರತೆಯ ರೂಪವೆಂದು ನೋಡುವುದು ನನಗೆ ಒಪ್ಪಿಗೆಯಿಲ್ಲ. ಇದು ತನ್ನದೇ ಲೆಕ್ಕಾಚಾರವಿರುವ ಬೇರೊಂದು ಬಗೆಯ ಬಂಧ.

ತ್ರಿಬಂಧದಲ್ಲೂ ಇದೇ ಮರುಕಳಿಸಿತು. 2004ರಲ್ಲಿ ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದ ಅಕಿರಾ ಸೆಕಿಗುಚಿ ಅವರ ಗುಂಪು ಎರಡು ಸಿಲಿಕಾನ್‌ಗಳ ತ್ರಿಬಂಧವಿರುವ ಡೈಸಿಲೈನನ್ನು ಪಚ್ಚೆಹಸಿರು ಹರಳಾಗಿ ಪಡೆದಾಗ ಸಿಲಿಕಾನ್‌ಗಳ ನಡುವಿನ ದೂರ 2.06 ಆಂಗ್‌ಸ್ಟ್ರಾಮಿಗೆ ಇಳಿದಿತ್ತು, ಆದರೆ ಅಸಿಟಿಲೀನಿನ ನೇರ ರೇಖೆಯ ಬದಲು ಸುಮಾರು 137 ಡಿಗ್ರಿಯ ಕೋನ ಕಂಡಿತು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಫಿಲಿಪ್ ಪವರ್ ಅವರ ಗುಂಪು ಇದಕ್ಕೂ ಮೊದಲು, 2002ರಲ್ಲಿ, ಇದರ ಜರ್ಮೇನಿಯಂ ರೂಪವಾದ, ಇಂಥದ್ದೇ ಬಾಗಿದ ಡೈಜರ್ಮೈನನ್ನು ಮಾಡಿತ್ತು. ಬಾಗಿದ ಈ ರಚನೆಯಲ್ಲಿ ತುಂಬಿದ ಕಕ್ಷಕಕ್ಕೂ ಖಾಲಿ ಕಕ್ಷಕಕ್ಕೂ ನಡುವಣ ಶಕ್ತಿಯ ಅಂತರ ಕಿರಿದು; ಕಡುಬಣ್ಣಕ್ಕೆ ಕಾರಣ ಇದೇ. ಹೀಗಾಗಿಯೇ 2005ರಲ್ಲಿ ಅದೇ ಡೈಜರ್ಮೈನ್, ಸಾಮಾನ್ಯವಾಗಿ ಪಲ್ಲಾಡಿಯಂ, ಪ್ಲಾಟಿನಂಗಳಂಥ ಸಂಕ್ರಮಣ ಲೋಹಗಳಿಗೆ ಮೀಸಲೆಂದು ತಿಳಿದಿದ್ದ ಕೆಲಸವೊಂದನ್ನು ಮಾಡಿ ತೋರಿಸಿತು: ಕೋಣೆಯ ತಾಪಮಾನದಲ್ಲಿ, ಒಂದು ವಾಯುಮಂಡಲದ ಒತ್ತಡದಲ್ಲಿ ಹೈಡ್ರೋಜನ್ ಅಣುವನ್ನು ಸೀಳಿ, ಆ ಪರಮಾಣುಗಳನ್ನು ತನ್ನ ಜರ್ಮೇನಿಯಂಗಳ ಮೇಲೆ ಕೂರಿಸಿಕೊಂಡಿತು.