ಬಚ್ಚಲುಮನೆಯಲ್ಲಿ ಕಲಿತ ಫೋಟೋಗ್ರಫಿ

ಕಾಲೇಜಿನ ಫೋಟೋಗ್ರಫಿ ಸಂಘದ ನೆನಪುಗಳನ್ನು ಬರೆದುಕೊಡಿ ಎಂದು ಸಂಚಿಕೆಯ ಸಂಪಾದಕರು ಕೇಳಿದಾಗ ನಾನು ಒಂದೇ ಷರತ್ತು ಹಾಕಿದೆ. ಸರ್ ಬಗ್ಗೆ ಎಷ್ಟು ಬರೆಯುತ್ತೇನೋ ಅಮ್ಮನ ಬಗ್ಗೆಯೂ ಅಷ್ಟು ಬರೆಯುತ್ತೇನೆ, ಜಾಗ ಸಾಲದೆಂದು ಆ ಭಾಗವನ್ನು ಕತ್ತರಿಸಬಾರದು ಎಂದು. ಅವರು ಒಪ್ಪಿದರು. 1980ರ ದಶಕದಲ್ಲಿ ಸಾಗರದಲ್ಲಿ ಓದಿದವರಿಗೆ ಈ ಇಬ್ಬರ ಹೆಸರು ಹೇಳಬೇಕಾದ ಅಗತ್ಯವಿಲ್ಲ. ನಾವು ಕರೆಯುತ್ತಿದ್ದ ಹಾಗೆ ಸರ್, ಅಮ್ಮ ಎಂದೇ ಬರೆಯುತ್ತೇನೆ.

ಸರ್ ಭೌತಶಾಸ್ತ್ರದ ಉಪನ್ಯಾಸಕರು, ಅಮ್ಮ ಅವರ ಹೆಂಡತಿ. ಕಾಲೇಜಿನ ಯಾವ ದಾಖಲೆಯಲ್ಲೂ ಅಮ್ಮನ ಹೆಸರಿಲ್ಲ. ಸಂಬಳವಿರಲಿ, ಒಂದು ಕೃತಜ್ಞತೆಯ ಮಾತೂ ಅವರಿಗೆ ಸಲ್ಲಲಿಲ್ಲ. ಆದರೆ ಸಂಘದ ಹುಡುಗಿಯರೆಲ್ಲ ಫಿಲ್ಮ್ ರೋಲ್ ತೊಳೆಯುವುದನ್ನು, ಪ್ರಿಂಟ್ ಹಾಕುವುದನ್ನು ಕಲಿತದ್ದು ಅವರಿಂದ. ಹಳೆಯ ಸಂಚಿಕೆಗಳಲ್ಲಿ ಸಂಘದ ವಾರ್ಷಿಕ ವರದಿಗಳನ್ನು ಹುಡುಕಿ ಓದಿದೆ. ಪ್ರದರ್ಶನ ಉದ್ಘಾಟಿಸಿದ ಅತಿಥಿಗಳ ಹೆಸರಿದೆ, ಹಾರ ಹಾಕಿದವರ ಹೆಸರೂ ಇದೆ. ಅಮ್ಮನ ಬಗ್ಗೆ ಒಂದು ಸಾಲಿಲ್ಲ. ಆ ಸಾಲು ಈ ಸಂಚಿಕೆಯಲ್ಲಾದರೂ ಇರಲಿ.

ಸಂಘದ ಮೊದಲ ತರಗತಿಗೆ ಸರ್ ಕ್ಯಾಮೆರಾ ತರುತ್ತಿರಲಿಲ್ಲ. ಪ್ರಯೋಗಾಲಯದ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿ, ಒಂದು ಕಾಗದದಲ್ಲಿ ಮಾತ್ರ ಸಣ್ಣ ರಂಧ್ರ ಕೊರೆದು, ನಮ್ಮನ್ನು ಒಳಗೆ ಕೂರಿಸಿ ಬಾಗಿಲು ಹಾಕುತ್ತಿದ್ದರು. ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತಿದ್ದಂತೆ ಎದುರಿನ ಗೋಡೆಯ ಮೇಲೆ ಹೊರಗಿನ ಮಾವಿನ ಮರ ತಲೆಕೆಳಗಾಗಿ ಮೂಡುತ್ತಿತ್ತು, ಗಾಳಿಗೆ ಎಲೆ ಅಲುಗುವುದೂ ಕಾಣುತ್ತಿತ್ತು. ಹಂಪಿಯ ವಿರೂಪಾಕ್ಷ ದೇವಸ್ಥಾನದ ಒಳಗೋಡೆಯ ಮೇಲೆ ಗೋಪುರ ತಲೆಕೆಳಗಾಗಿ ಬೀಳುವುದೂ ಇದೇ ನಿಯಮದಿಂದ ಎಂದು ಹೇಳಿ, ಇನ್ನೇನೂ ವಿವರಿಸದೆ ಆ ಮರವನ್ನು ನೋಡುತ್ತ ಕೂರಲು ಬಿಡುತ್ತಿದ್ದರು. ಲೆಕ್ಕ ಬರುತ್ತಿದ್ದುದು ಎರಡನೆಯ ತರಗತಿಯಲ್ಲಿ. ಬೆಳಕು ಒಳಬರುವ ರಂಧ್ರದ ಅಳತೆಗಾಗಿ ಲೆನ್ಸಿನ ಮೇಲೆ ಕೊರೆದಿರುವ 2.8, 4, 5.6, 8, 11, 16 ಎಂಬ ಅಂಕಿಗಳನ್ನು ಬಾಯಿಪಾಠ ಮಾಡಲು ಅವರು ಬಿಡುತ್ತಿರಲಿಲ್ಲ. ಪ್ರತಿ ಅಂಕಿಯನ್ನೂ 2ರ ವರ್ಗಮೂಲದಿಂದ ಗುಣಿಸಿದರೆ ಮುಂದಿನದು ಬರುತ್ತದೆ, ಅಂಕಿ ಹೆಚ್ಚಿದಂತೆ ರಂಧ್ರ ಕಿರಿದಾಗುತ್ತದೆ, ಅದರ ವ್ಯಾಸ ಅಷ್ಟು ಕುಗ್ಗಿದರೆ ವಿಸ್ತೀರ್ಣ ಅರ್ಧವಾಗುತ್ತದೆ, ಒಳಬರುವ ಬೆಳಕೂ ಅರ್ಧವಾಗುತ್ತದೆ. ಇದನ್ನು ನಾವೇ ಬೋರ್ಡಿನ ಮೇಲೆ ಮಾಡಿ ತೋರಿಸಬೇಕಿತ್ತು. ಪರೀಕ್ಷೆಗೆ ಬಾರದ ಲೆಕ್ಕವನ್ನು ನಾವು ಅಷ್ಟು ಶ್ರದ್ಧೆಯಿಂದ ಮಾಡಿದ್ದು ಬೇರೆಲ್ಲೂ ಇಲ್ಲ.

ಸಂಘಕ್ಕೆ ಇದ್ದದ್ದು ಬರೋಡಾದಲ್ಲಿ ತಯಾರಾದ ಆಗ್ಫಾ ಕ್ಲಿಕ್ 3. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು, ಹೆಚ್ಚಿನ ರಗಳೆಯಿಲ್ಲದ ಪೆಟ್ಟಿಗೆ. ಸರ್ ಅವರ ಸ್ವಂತದ್ದು ಎರಡು ಲೆನ್ಸುಗಳ ಯಾಶಿಕಾ. ಅದನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು ತಲೆ ಬಗ್ಗಿಸಿ ಗಾಜಿನೊಳಗೆ ನೋಡಬೇಕು, ಎಡ ಬಲ ಅದಲುಬದಲಾಗಿ ಕಾಣುತ್ತದೆ. ರೋಲ್ ಸಿಕ್ಕರೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ಇಂದು, ಇಲ್ಲವೇ ಪೂರ್ವ ಜರ್ಮನಿಯ ಓರ್ವೋ. ಒಂದು ರೋಲಿನಲ್ಲಿ ಹನ್ನೆರಡು ಚಿತ್ರ. ಅದನ್ನು ನಾಲ್ವರು ಹಂಚಿಕೊಳ್ಳಬೇಕು, ತಲೆಗೆ ಮೂರು. ಮೂರೇ ಚಿತ್ರ ಎಂದಾಗ ಮನುಷ್ಯ ಎಷ್ಟು ನೋಡುತ್ತಾನೆ ಎಂಬುದು ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದು ಕಷ್ಟ.

ಈಗ ಬಚ್ಚಲುಮನೆಗೆ ಬರುತ್ತೇನೆ.

ಪ್ರಯೋಗಾಲಯದ ಹಿಂದಿನ ಉಗ್ರಾಣದಲ್ಲಿ ರೋಲ್ ತೊಳೆದು ಪ್ರಿಂಟ್ ಹಾಕುವ ಸಂಘದ ಡಾರ್ಕ್ ರೂಂ ಇತ್ತು. ಸಂಜೆಯ ಹೊತ್ತು, ಬಾಗಿಲು ಹಾಕಿದ ಕತ್ತಲೆ ಕೋಣೆ, ಹುಡುಗರ ಜೊತೆ ಕೆಲಸ. ಇದನ್ನು ಕೇಳಿ ನಮ್ಮ ಮನೆಗಳಲ್ಲಿ ಒಬ್ಬರೂ ಒಪ್ಪಲಿಲ್ಲ. ಹೆಸರು ಕೊಟ್ಟಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಸರ್ ಮನೆಯಲ್ಲಿ ಇದನ್ನು ಹೇಳಿರಬೇಕು. ಮರುವಾರವೇ ಅಮ್ಮ ನಮ್ಮ ನಮ್ಮ ಮನೆಗಳಿಗೆ ಖುದ್ದಾಗಿ ಬಂದರು. ಜಗಲಿಯ ಮೇಲೆ ಕುಳಿತು, ಕೊಟ್ಟ ಮಜ್ಜಿಗೆ ಕುಡಿದು, “ಕೂಸನ್ನು ನಮ್ಮ ಮನೆಗೆ ಕಳಿಸಿಕೊಡಿ, ನಾನು ಜೊತೆಗಿರುತ್ತೇನೆ, ಕತ್ತಲಾಗುವ ಮೊದಲು ಬಸ್ಸು ಹತ್ತಿಸುತ್ತೇನೆ” ಎಂದು ನನ್ನ ಅಜ್ಜಿಗೆ ಮಾತು ಕೊಟ್ಟರು. ಅಜ್ಜಿ ಒಪ್ಪಿದ ಮೇಲೆ ಅಪ್ಪ ಎದುರು ಮಾತಾಡಲಿಲ್ಲ.

ಅವರ ಮನೆಯ ಬಚ್ಚಲು ಹಳೆಯ ಕಾಲದ್ದು. ಮೂಲೆಯಲ್ಲಿ ದೊಡ್ಡ ಒಲೆ, ಮೇಲೆ ತಾಮ್ರದ ಹಂಡೆ, ಇನ್ನೊಂದು ಬದಿಗೆ ಬಟ್ಟೆ ಒಗೆಯುವ ಕಲ್ಲು. ಎಲ್ಲರ ಸ್ನಾನ ಮುಗಿದ ಮೇಲೆ ಒಲೆ ಆರಿಸಿ, ಹಂಡೆಯ ಬಾಯಿಗೆ ಹಲಗೆ ಮುಚ್ಚಿ, ಅದರ ಮೇಲೆ ನೆಗೆಟಿವ್‌ನ ಸಣ್ಣ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್ ಇಡುತ್ತಿದ್ದರು. ಆ ಎನ್‌ಲಾರ್ಜರ್ ಸರ್ ಕೈಯಾರೆ ಕಟ್ಟಿದ್ದು: ಹಾಲಿನ ಪುಡಿಯ ಡಬ್ಬದೊಳಗೆ ಬಲ್ಬು, ಅದರ ಕೆಳಗೆ ಎರಡು ಪೀನ ಮಸೂರ, ಅದರ ಕೆಳಗೆ ಹಳೆಯ ಕ್ಯಾಮೆರಾದ ಲೆನ್ಸು. ಹೊಗೆಗಿಂಡಿಗೆ ಗೋಣಿ ತುರುಕಿ ಕೆಂಪು ಬಲ್ಬು ಹಾಕಿದರೆ ಡಾರ್ಕ್ ರೂಂ ಸಿದ್ಧ. ಒಗೆಯುವ ಕಲ್ಲಿನ ಮೇಲೆ ಮೂರು ಟ್ರೇ: ಚಿತ್ರ ಮೂಡಿಸುವ ಡೆವಲಪರ್, ನೀರು, ಮೂಡಿದ ಚಿತ್ರವನ್ನು ನಿಲ್ಲಿಸುವ ಹೈಪೋ.

ಡೆವಲಪರ್ ಇಪ್ಪತ್ತು ಡಿಗ್ರಿಯಲ್ಲಿರಬೇಕು ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ಮಳೆಗಾಲದಲ್ಲಿ ಬಾವಿಯಿಂದ ಸೇದಿದ ನೀರು ಹೆಚ್ಚುಕಮ್ಮಿ ಅದೇ ತಂಪಿನಲ್ಲಿರುತ್ತಿತ್ತು. ಏಪ್ರಿಲ್‌ನಲ್ಲಿ ಹಾಗಲ್ಲ. ನೀರು ಬೆಚ್ಚಗಾದರೆ ರೋಲು ಬೇಗ ಕಪ್ಪಾಗುತ್ತದೆ, ಮೇಲಿನ ಜಿಲೆಟಿನ್ ಪದರ ಮೆತ್ತಗಾಗಿ ಕೈ ತಾಗಿದರೆ ಗೀರು ಬೀಳುತ್ತದೆ. ಅಮ್ಮ ಹಿಂದಿನ ರಾತ್ರಿಯೇ ಮಣ್ಣಿನ ಮಡಕೆಯಲ್ಲಿ ನೀರು ತುಂಬಿಸಿ, ಸುತ್ತ ಒದ್ದೆ ಬಟ್ಟೆ ಕಟ್ಟಿ ಗಾಳಿಗೆ ಇಡುತ್ತಿದ್ದರು. “ಕೂಸೇ, ಮೊದಲು ಮುಟ್ಟಿ ಹೇಳು, ಆಮೇಲೆ ಥರ್ಮಾಮೀಟರ್ ನೋಡು” ಎಂದು ನಮ್ಮ ಕೈಯನ್ನೇ ಪಳಗಿಸಿದರು. ವರ್ಷದ ಕೊನೆಗೆ ನಮ್ಮಲ್ಲಿ ಹೆಚ್ಚಿನವರು ಬೆರಳದ್ದಿ ಒಂದು ಡಿಗ್ರಿಯ ಆಚೀಚೆಯಲ್ಲಿ ಹೇಳುತ್ತಿದ್ದೆವು.

ಪ್ರಿಂಟಿನ ಕಾಗದಕ್ಕೆ ಎಷ್ಟು ಹೊತ್ತು ಬೆಳಕು ಕೊಡಬೇಕು ಎಂಬುದಕ್ಕೆ ಅಮ್ಮನ ಬಳಿ ಗಡಿಯಾರವಿರಲಿಲ್ಲ, ಆದಿತಾಳವಿತ್ತು. ಚಿಕ್ಕಂದಿನಲ್ಲಿ ಸಂಗೀತ ಕಲಿತವರು. ಸರ್ ಅವರ ವಾಚಿಗೆ ಹೊಂದಿಸಿ ಅಭ್ಯಾಸ ಮಾಡಿ, ಒಂದು ಆವರ್ತ ಎಂದರೆ ಸರಿಯಾಗಿ ಎಂಟು ಸೆಕೆಂಡು ಎನ್ನುವ ಹಾಗೆ ಲಯ ಕೂರಿಸಿಕೊಂಡಿದ್ದರು. ಕಾಗದದ ಒಂದು ಪಟ್ಟಿಯನ್ನು ಬೆಳಕಿನ ಕೆಳಗಿಟ್ಟು, ಅರ್ಧ ಆವರ್ತಕ್ಕೊಮ್ಮೆ ರಟ್ಟನ್ನು ಒಂದೊಂದು ಬೆರಳಗಲ ಸರಿಸುತ್ತ ಹೋಗುವುದು. ನಾಲ್ಕು, ಎಂಟು, ಹನ್ನೆರಡು, ಹದಿನಾರು ಸೆಕೆಂಡಿನ ನಾಲ್ಕು ಬಣ್ಣ ಆ ಪಟ್ಟಿಯ ಮೇಲೆ ಮೂಡುತ್ತಿತ್ತು. “ಮುಖಕ್ಕೆ ಒಂದು ಆವರ್ತ ಸಾಕು, ಆಕಾಶಕ್ಕೆ ಇನ್ನೂ ಅರ್ಧ ಬೇಕು” ಎಂದು ಅವರು ತೊಡೆ ತಟ್ಟುತ್ತ ಹೇಳುವಾಗ, ನಾವು ಮುಖದ ಮೇಲೆ ಅಂಗೈ ಅಡ್ಡ ಹಿಡಿದು ಆಕಾಶಕ್ಕಷ್ಟೇ ಬೆಳಕು ಉಣಿಸುತ್ತಿದ್ದೆವು. ಕೈ ಒಂದೇ ಕಡೆ ನಿಂತರೆ ನೆರಳಿನ ಅಂಚು ಕಾಗದದ ಮೇಲೆ ಉಳಿದುಬಿಡುತ್ತದೆ, ಆದ್ದರಿಂದ ಸದಾ ಆಡಿಸುತ್ತಿರಬೇಕು. ಪುಸ್ತಕ ಓದಿ ಇದನ್ನು ಕಲಿಯುವುದು ಸಾಧ್ಯವೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ.

ರೋಲನ್ನು ತೊಳೆಯುವ ಟ್ಯಾಂಕಿಗೆ ಸುತ್ತುವಾಗ ಕೆಂಪು ದೀಪವೂ ಕೂಡದು. ಅದಕ್ಕಾಗಿ ಅಮ್ಮ ಕಪ್ಪು ಬಟ್ಟೆಯನ್ನು ಎರಡು ಪದರ ಮಾಡಿ, ತೋಳಿಗೆ ಎಲಾಸ್ಟಿಕ್ ಹಾಕಿ ಚೀಲ ಹೊಲಿದಿದ್ದರು. ಅದರೊಳಗೆ ಕೈ ತೂರಿಸಿ, ಕೆಟ್ಟುಹೋದ ಒಂದು ರೋಲನ್ನು ಬೆರಳಿನ ಅಂದಾಜಿನಲ್ಲೇ ಸುತ್ತುವ ಅಭ್ಯಾಸ ಜಗಲಿಯ ಮೇಲೆ ನಡೆಯುತ್ತಿತ್ತು. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಡಬ್ಬದಲ್ಲಿಡುವ ಸಿಲಿಕಾ ಜೆಲ್ ತೇವ ಹೀರಿ ನೀಲಿಯಿಂದ ಗುಲಾಬಿಗೆ ತಿರುಗಿದಾಗ, ಅದನ್ನು ಹುರಿದು ಮತ್ತೆ ನೀಲಿ ಮಾಡಲು ಅಡುಗೆಗೆ ಬಳಸದ ಬೇರೆಯೇ ಕಾವಲಿ ಇಟ್ಟಿದ್ದರು.

ಪ್ರಿಂಟ್ ತೊಳೆಯುವುದರಲ್ಲಿ ಮಾತ್ರ ಅಮ್ಮ ಯಾರಿಗೂ ರಿಯಾಯಿತಿ ಕೊಡುತ್ತಿರಲಿಲ್ಲ. ಹೈಪೋ ಬೆಳ್ಳಿಯ ಲವಣವನ್ನು ಕರಗಿಸುತ್ತದೆ ಎಂದು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದ, 1839ರಲ್ಲಿ ಫೋಟೋಗ್ರಫಿ ಬಂದಾಗ ಚಿತ್ರವನ್ನು ಉಳಿಸಿಕೊಳ್ಳಲು ಅದೇ ನೆರವಾಯಿತು ಎಂಬುದು ಸರ್ ಹೇಳಿದ ಪಾಠ. ಆ ಹೈಪೋ ಕಾಗದದಲ್ಲೇ ಉಳಿದರೆ ಕೆಲವು ವರ್ಷಗಳಲ್ಲಿ ಚಿತ್ರ ಹಳದಿಯಾಗುತ್ತದೆ, ಆದ್ದರಿಂದ ಇನ್ನೂ ನಾಲ್ಕು ಕೊಡ ನೀರು ಸೇದು ಎಂಬುದು ಅಮ್ಮನ ಪಾಠ. ಅಲ್ಲಿ ತೊಳೆದ ನನ್ನ ಪ್ರಿಂಟುಗಳು ನಾಲ್ಕು ದಶಕದ ಬಳಿಕವೂ ಬೆಳ್ಳಗಿವೆ. ಅದೇ ಕಾಲದಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ ನಮ್ಮ ಮನೆಯ ಮದುವೆಯ ಫೋಟೋಗಳು ಚಹಾದ ಬಣ್ಣಕ್ಕೆ ತಿರುಗಿವೆ.

ಹೊರಗಿನ ಪಾಠಗಳಲ್ಲಿ ನನಗೆ ಮೇಲೆನಿಸುವುದು ಇಕ್ಕೇರಿಯದು. ಅಘೋರೇಶ್ವರ ದೇವಸ್ಥಾನ ಉತ್ತರಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲು ಮುಂಭಾಗದ ಗೋಡೆಯನ್ನು ನೇರವಾಗಿ ಬೆಳಗದೆ ಪಕ್ಕದಿಂದ ಸವರಿಕೊಂಡು ಹೋಗುತ್ತದೆ, ಕೆತ್ತನೆಯ ಒಂದೊಂದು ಗೀರಿಗೂ ಆಗ ನೆರಳು ಬರುತ್ತದೆ. ಇದನ್ನು ಸರ್ ಹೇಳಲಿಲ್ಲ. ಬೆಳಿಗ್ಗೆ ಏಳಕ್ಕೆ ಒಮ್ಮೆ, ನಡುಹಗಲಿಗೆ ಒಮ್ಮೆ ಅದೇ ಕಂಬದೆದುರು ನಿಲ್ಲಿಸಿ, “ಏನು ಬದಲಾಯಿತಮ್ಮ?” ಎಂದು ಕೇಳಿದರು, ಅಷ್ಟೇ. ಒಳಮಂಟಪದಲ್ಲಿ ಕತ್ತಲೆ. ಫ್ಲಾಶ್ ಬೇಡವೆಂದರು. ಅಮ್ಮ ಮನೆಯ ಗೋಡೆಯ ಕನ್ನಡಿಯನ್ನೇ ಕಳಚಿ ಚಾದರದಲ್ಲಿ ಸುತ್ತಿ ತಂದಿದ್ದರು. ಒಬ್ಬಳು ಹೊರಗೆ ಬಿಸಿಲಿನಲ್ಲಿ ಕನ್ನಡಿ ಹಿಡಿದು ಕಿರಣವನ್ನು ಬಾಗಿಲಿನಿಂದ ಒಳಕ್ಕೆ ಹಾಯಿಸುವುದು, ಒಳಗೆ ಇಬ್ಬರು ಹಿಡಿದ ಬಿಳಿ ಪಂಚೆಯ ಮೇಲೆ ಅದು ಬಿದ್ದು ಮೃದುವಾಗಿ ಹರಡುವುದು. ಕನ್ನಡಿ ಒಂದು ಡಿಗ್ರಿ ತಿರುಗಿದರೆ ಕಿರಣ ಎರಡು ಡಿಗ್ರಿ ತಿರುಗುತ್ತದೆ ಎಂಬ ಪಾಠವನ್ನು ನಾವು ತರಗತಿಯಲ್ಲಿ ಬರೆದುಕೊಂಡಿದ್ದೆವು, ತೋಳು ನೋಯುವಷ್ಟು ಹೊತ್ತು ಕನ್ನಡಿ ಹಿಡಿದ ಮೇಲೆ ಅದು ಮೈಗೆ ಹತ್ತಿತು. ಮೈಸೂರಿನ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ, ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಕಲಿತು ಹೋದವರು, ಹಿಂದಿ ನಿರ್ದೇಶಕ ಗುರುದತ್ತರ ಚಿತ್ರಕ್ಕಾಗಿ ಸ್ಟುಡಿಯೋದೊಳಕ್ಕೆ ಕನ್ನಡಿಗಳಿಂದ ಬಿಸಿಲು ಹಾಯಿಸಿದ್ದನ್ನು ಸರ್ ಅಂದು ವಿವರಿಸಿದರು. ಆಮೇಲೆ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ತೋರಿಸುತ್ತಿದ್ದ ಕಪ್ಪು ಬಿಳುಪು ಸಿನಿಮಾಗಳಿಗೆ ಹೋದಾಗಲೆಲ್ಲ ನಾವು ಕಥೆಯ ಜೊತೆಗೆ ದೀಪ ಎಲ್ಲಿದೆ ಎಂದೂ ಹುಡುಕುತ್ತಿದ್ದೆವು.

ಸರ್ ನಮ್ಮ ಕೈಯಿಂದ ಕ್ಯಾಮೆರಾ ಕಿತ್ತುಕೊಂಡು ತೋರಿಸಿದ್ದು ನಾನು ನೋಡಿಲ್ಲ. ಎಷ್ಟೇ ತಡವಾಗಲಿ, ಮೋಡ ಬಂದು ಬೆಳಕು ಹೋಗಲಿ, ಪಕ್ಕದಲ್ಲಿ ಕೈ ಕಟ್ಟಿ ನಿಲ್ಲುತ್ತಿದ್ದರು. ಕಲಿಸುವವರಿಗೆ ಇದಕ್ಕಿಂತ ಕಷ್ಟದ ಕೆಲಸವಿಲ್ಲ ಎಂದು ನಾನು ಮೇಷ್ಟ್ರಾದ ಮೇಲೆ ತಿಳಿದುಕೊಂಡೆ. ಅಮ್ಮನ ನಿಯಮ ಬೇರೆ: ಯಾರ ಚಿತ್ರ ತೆಗೆದಿರೋ ಅವರಿಗೆ ಒಂದು ಪ್ರಿಂಟ್ ಕೊಟ್ಟೇ ಬರಬೇಕು. ಗಂಧದ ಕೆತ್ತನೆ ಮಾಡುವ ಗುಡಿಗಾರರೊಬ್ಬರ ಕೈಗಳನ್ನು ನಾನು ತೆಗೆದಿದ್ದೆ. ಪ್ರಿಂಟ್ ಕೊಟ್ಟಾಗ ಅವರು ಬಹಳ ಹೊತ್ತು ನೋಡಿ, ಉಳಿ ಹಿಡಿದ ಹೆಬ್ಬೆರಳಿನ ಮೇಲೆ ಬೆರಳಿಟ್ಟು, ಹಿಡಿತ ಹೀಗಲ್ಲ, ಕ್ಯಾಮೆರಾ ಇದೆಯೆಂದು ಬಿಗಿ ಹಿಡಿದಿದ್ದೆ, ನಾಳೆ ಬಾ, ಕೆಲಸ ಮಾಡುವಾಗ ತೆಗೆ ಎಂದರು. ಆ ಎರಡನೆಯ ಚಿತ್ರವೇ ಪ್ರದರ್ಶನದಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು.

ನಮ್ಮ ನಾಡಿನಲ್ಲಿ ಫೋಟೋಗ್ರಫಿ ಬಹುಮಟ್ಟಿಗೆ ಹೀಗೆಯೇ, ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ನಿಂತು ಬೆಳೆದದ್ದು. ಬೆಂಗಳೂರಿನಲ್ಲಿ ಒ.ಸಿ. ಎಡ್ವರ್ಡ್ಸ್ ಅವರ ಬಳಿ ಟಿ.ಎನ್.ಎ. ಪೆರುಮಾಳ್ ಕಲಿತರು, ಪೆರುಮಾಳ್ ಅವರಿಂದ ಮುಂದಿನ ತಲೆಮಾರು ಕಲಿಯಿತು. 1971ರಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳಲ್ಲಿ ಹವ್ಯಾಸಿಗಳು ಹವ್ಯಾಸಿಗಳಿಗೇ ಕಲಿಸಿದರು. ದೊಡ್ಡ ಊರಿನ ಈ ಇತಿಹಾಸವನ್ನು ಯಾರಾದರೂ ಬರೆದಿಡುತ್ತಾರೆ. ತಾಲ್ಲೂಕು ಊರುಗಳ ಬಚ್ಚಲುಮನೆಗಳಲ್ಲಿ ನಡೆದದ್ದನ್ನು ನಾವೇ ಬರೆಯಬೇಕು.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತ ನಿವೃತ್ತಳಾದೆ. ಈಗ ನಮ್ಮೂರಿನ ಮಕ್ಕಳಿಗೆ ಮೊಬೈಲಿನಲ್ಲಿ ಫೋಟೋಗ್ರಫಿ ಹೇಳಿಕೊಡುತ್ತೇನೆ. ಮೊದಲ ದಿನ ಮೊಬೈಲ್ ಮುಟ್ಟುವಂತಿಲ್ಲ. ಕಿಟಕಿಯ ಬಳಿ ಒಂದು ಹಿತ್ತಾಳೆಯ ಚೊಂಬು ಇಟ್ಟು, ಅದರ ಮೇಲೆ ಬೆಳಕು ಎಲ್ಲಿ ಹೊಳೆಯುತ್ತದೆ, ಎಲ್ಲಿ ಆರುತ್ತದೆ ಎಂದು ಪೆನ್ಸಿಲಿನಲ್ಲಿ ಬರೆಸುತ್ತೇನೆ. ಕಳೆದ ಅಡಿಕೆ ಕೊಯ್ಲಿನಲ್ಲಿ ಒಬ್ಬ ಹುಡುಗಿ ತನ್ನ ತಾಯಿ ರಾತ್ರಿ ಅಡಿಕೆ ಸುಲಿಯುವುದನ್ನು ತೆಗೆಯಲು ಹೊರಟಳು. ಬಲ್ಬು ಬೆನ್ನ ಹಿಂದೆ ಇತ್ತು, ಮೆಟ್ಟುಗತ್ತಿಯೂ ಕೈಯೂ ನೆರಳಿನಲ್ಲಿ ಮುಳುಗಿದ್ದವು. ಮೊಬೈಲಿನ ಫ್ಲಾಶ್ ಹಾಕಬಹುದಿತ್ತು. ಅವಳು ಹಾಕಲಿಲ್ಲ. ಬಲ್ಬಿನ ವಯರನ್ನು ಎಳೆದು ಪಕ್ಕದ ಕಂಬಕ್ಕೆ ಕಟ್ಟಿದಳು, ನಾಲ್ಕು ಅಡಿ ದೂರದಿಂದ ಎರಡು ಅಡಿಗೆ ತಂದಳು. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು ಎಂದು ಅವಳಿಗೆ ಪಾಠದಿಂದ ಗೊತ್ತಿತ್ತು. ಪರದೆಯ ಮೇಲೆ ಕತ್ತಿಯ ಅಂಚನ್ನು ಒತ್ತಿ, ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆಳೆದು ಹೊಳಪು ತಗ್ಗಿಸಿದಳು. ಅಡಿಕೆಯ ಸಿಪ್ಪೆಯ ನಾರು ಎಳೆ ಎಳೆಯಾಗಿ ಮೂಡಿತು. ಊರಿನ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ತಾಯಿಗೆ ಕೊಟ್ಟಿದ್ದಾಳೆ, ಅವರ ಮನೆಯ ಚಾವಡಿಯಲ್ಲಿ ತೂಗುತ್ತಿದೆ.

ಸರ್, ಅಮ್ಮ ಇಬ್ಬರೂ ಈಗಿಲ್ಲ. ಊಟಿಯ ಕಾರ್ಖಾನೆ ಮುಚ್ಚಿದೆ, ಪ್ರಿಂಟ್ ಹಾಕುವ ಬ್ರೋಮೈಡ್ ಕಾಗದ ಹೊರದೇಶದಿಂದ ಬರಬೇಕು, ಬೆಲೆಯೂ ಹೆಚ್ಚು. ಆದರೆ ಹಾಲಿನ ಪುಡಿ ಡಬ್ಬದ ಎನ್‌ಲಾರ್ಜರ್ ನನ್ನ ಬಳಿ ಇದೆ, ಕೆಲಸ ಮಾಡುತ್ತಿದೆ. ಅಮ್ಮನ ಕಪ್ಪು ಚೀಲವೂ ಇದೆ, ಎಲಾಸ್ಟಿಕ್ ಮಾತ್ರ ಹೊಸದು. ಇವೆರಡನ್ನೂ ಕಾಲೇಜಿಗೆ ಒಪ್ಪಿಸಲು ಪ್ರಾಂಶುಪಾಲರಿಗೆ ಪತ್ರ ಬರೆದಿದ್ದೇನೆ. ಪ್ರದರ್ಶನದ ಕಪಾಟಿನಲ್ಲಿಟ್ಟು ಬೀಗ ಹಾಕಬೇಡಿ, ಬಳಸಲು ಕೊಡಿ ಎಂದೂ, ಪಕ್ಕದ ಚೀಟಿಯಲ್ಲಿ ಇಬ್ಬರ ಹೆಸರೂ ಇರಲಿ ಎಂದೂ ಕೇಳಿದ್ದೇನೆ. ಪ್ರಯೋಗಾಲಯದ ಹಿಂದಿನ ಉಗ್ರಾಣ ತೆರವು ಮಾಡಿಕೊಟ್ಟರೆ ಮೊದಲ ಪೊಟ್ಟಣ ಕಾಗದ, ಡೆವಲಪರ್ ನನ್ನದು. ಆಸಕ್ತಿಯುಳ್ಳ ವಿದ್ಯಾರ್ಥಿಗಳು ಭೌತಶಾಸ್ತ್ರ ವಿಭಾಗದಲ್ಲಿ ಹೆಸರು ಕೊಡಲಿ. ಶನಿವಾರ ಮಧ್ಯಾಹ್ನದ ಬಸ್ಸಿಗೆ ನಾನು ಬರುತ್ತೇನೆ. ಹೆಣ್ಣುಮಕ್ಕಳ ಮನೆಯಲ್ಲಿ ಯಾರಾದರೂ ಹಿಂಜರಿದರೆ ವಿಳಾಸ ತಿಳಿಸಿ, ಅವರೊಡನೆ ನಾನೇ ಹೋಗಿ ಮಾತಾಡುತ್ತೇನೆ.