18 ವರ್ಷದ ಸಿಂಗಲ್ ಮಾಲ್ಟ್ ಅಷ್ಟು ಬೆಲೆ ಬಾಳುತ್ತದೆಯೇ?

ಬಳ್ಳಾರಿಯಲ್ಲಿ ಯಾರ ಮನೆಗಾದರೂ ವಿದೇಶದಿಂದ ನೆಂಟರು ಬಂದು ಸ್ಕಾಚ್ ಬಾಟಲಿಯ ಮಾತು ಎದ್ದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು: 12 ವರ್ಷದ ಸಿಂಗಲ್ ಮಾಲ್ಟಿಗಿಂತ (ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದಷ್ಟೇ ತಯಾರಾದ ವಿಸ್ಕಿ) 18 ವರ್ಷದ್ದಕ್ಕೆ ಅಷ್ಟೊಂದು ಹೆಚ್ಚು ಹಣ ಕೊಡುವುದು ಸರಿಯೇ?

ಆ ಸಂಖ್ಯೆಯೊಂದನ್ನೇ ನಂಬಿ ಕೊಡಬೇಡಿ ಎಂಬುದು ನನ್ನ ಉತ್ತರ. ಬಾಟಲಿಯಲ್ಲಿ ಬೆರೆತಿರುವ ವಿಸ್ಕಿಗಳ ಪೈಕಿ ಅತಿ ಕಿರಿಯದು ಓಕ್ ಪೀಪಾಯಿಯಲ್ಲಿ ಎಷ್ಟು ವರ್ಷ ಕಳೆದಿದೆ ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗುವುದರಿಂದ, 18 ವರ್ಷ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ಶೇ. 30ರಷ್ಟು ಸರಕು ಗಾಳಿಪಾಲಾಗಿರುತ್ತದೆ. ಈ ನಷ್ಟ, ಗೋದಾಮಿನ ಖರ್ಚು, ಅಷ್ಟು ಕಾಲ ಸಿಕ್ಕಿಬಿದ್ದ ಬಂಡವಾಳ ಎಲ್ಲವೂ ಬೆಲೆಗೆ ಸೇರುತ್ತವೆ. ರುಚಿಯ ಮಾತು ಬೇರೆ. 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿದ ನಮ್ಮ ಬೆಂಗಳೂರಿನ ಅಮೃತ್ ಕಂಪನಿಯ ಪೀಪಾಯಿಗಳಲ್ಲಿ ವರ್ಷಕ್ಕೆ ಶೇ. 10ರ ಆಸುಪಾಸು ಆವಿಯಾಗುತ್ತದೆ, ಬಿಸಿ ಹವೆಯಲ್ಲಿ ಮರದ ಸತ್ವವೂ ಬೇಗ ಇಳಿಯುತ್ತದೆ. ಹಾಗಾಗಿ ಅಲ್ಲಿ ಕೆಲವೇ ವರ್ಷಗಳಲ್ಲಿ ವಿಸ್ಕಿ ಹದಕ್ಕೆ ಬರುತ್ತದೆ.

ಹಾಗಾದರೆ ಅಳೆಯುವುದು ಹೇಗೆ? ಬಣ್ಣವನ್ನು ಲೆಕ್ಕಕ್ಕೆ ಹಿಡಿಯಬಾರದು, ಏಕೆಂದರೆ ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನಿನಲ್ಲೇ ಅವಕಾಶವಿದೆ. ಬಾಯಿ ಕಿರಿದಾದ ಲೋಟಕ್ಕೆ ಸ್ವಲ್ಪವೇ ಸುರಿದು, ಐಸ್ ಹಾಕದೆ ಹತ್ತು ನಿಮಿಷ ಬಿಟ್ಟು, ಬಾಯಿಯನ್ನು ತುಸು ತೆರೆದುಕೊಂಡೇ ಮೂಸಿ ನೋಡಿ. ಮೊದಲು ಬರ್ಬನ್ (ಅಮೆರಿಕದ ವಿಸ್ಕಿ) ತುಂಬಿದ್ದ ಪೀಪಾಯಿಯದಾದರೆ ವೆನಿಲ್ಲಾ, ಕೊಬ್ಬರಿ; ಶೆರ್ರಿ (ಸ್ಪೇನಿನ ವೈನ್) ಪೀಪಾಯಿಯದಾದರೆ ಒಣದ್ರಾಕ್ಷಿ, ಅಂಜೂರದ ವಾಸನೆ. ಇವುಗಳ ಅಡಿಯಲ್ಲಿ ಬಾರ್ಲಿಯ ಸಿಹಿ ಇನ್ನೂ ಉಳಿದಿದೆಯೇ ಎಂಬುದನ್ನು ನಾನು ಮೊದಲು ಹುಡುಕುತ್ತೇನೆ. ಒಂದು ಗುಟುಕು ಬಾಯಲ್ಲಿ ಹೊರಳಿಸಿ ನುಂಗಿದ ಮೇಲೆ ನಾಲಿಗೆಯ ಹಿಂಬದಿ ಒಗರಾಗಿ, ಮರದ ಹೊಟ್ಟು ಅಗಿದಂತೆ ಒಣಗಿಬಿಟ್ಟರೆ, ಪೀಪಾಯಿ ವಿಸ್ಕಿಯನ್ನು ನುಂಗಿದೆ ಎಂದೇ ಅರ್ಥ. ಅಂಥದ್ದು 25 ವರ್ಷದ್ದಾದರೂ ನಾನು ಕೊಳ್ಳಲಾರೆ. ನಾಲ್ಕು ಹನಿ ನೀರು ಬಿದ್ದ ಕೂಡಲೇ ಮೊದಲು ಕಾಣದಿದ್ದ ಪರಿಮಳ ಬಿಚ್ಚಿಕೊಂಡು, ನುಂಗಿದ ಬಹಳ ಹೊತ್ತಿನವರೆಗೆ ರುಚಿ ಬದಲಾಗುತ್ತಲೇ ಇದ್ದರೆ, ಹೆಚ್ಚಿನ ಹಣ ಸಾರ್ಥಕ.

ಬಾಟಲಿಗೆ ತುಂಬಿದ ಮೇಲೆ ವಿಸ್ಕಿಯ ವಯಸ್ಸು ಏರುವುದಿಲ್ಲ. ಬೀರುವಿನಲ್ಲಿ ಹತ್ತು ವರ್ಷ ಇಟ್ಟರೂ 12 ವರ್ಷದ್ದು 12ರದ್ದೇ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಂತೂ ಅದನ್ನು ಕತ್ತಲೆಯ ತಂಪು ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿಡಬೇಕು. ಅಡ್ಡ ಮಲಗಿಸಿದರೆ ಮದ್ಯಸಾರ ಬಿರಡೆಯನ್ನು ತಿನ್ನುತ್ತದೆ. ಅರ್ಧಕ್ಕಿಳಿದ ಬಾಟಲಿಯನ್ನು ಮುಂದಿನ ಹಬ್ಬಕ್ಕೆಂದು ಕಾಯಿಸದೆ ಕೆಲವು ತಿಂಗಳಲ್ಲೇ ಮುಗಿಸುವುದು ಒಳ್ಳೆಯದು.